ಪೇಟದ ಮೇಲೊಂದು ಹೆಲ್ಮೆಟ್ಟು

ಹರಳೆಣ್ಣೆಯ ಪರಿಚಯವಿಲ್ಲದ ಕನ್ನಡದ ಮನೆ ಹಿಂದೆ ಇರಲಿಲ್ಲ. ಎಳೆಗೂಸಿನ ನೆತ್ತಿಗೆ ಒತ್ತುವುದಕ್ಕೆ ಅದೇ ಬೇಕು, ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಅದೇ ಬೇಕು, ಹೊಟ್ಟೆ ಕಟ್ಟಿದ ಮಕ್ಕಳಿಗೆ ಮೂಗು ಹಿಡಿದು ಕುಡಿಸುವುದಕ್ಕೂ ಅದೇ. ಉತ್ತರ ಕರ್ನಾಟಕದಲ್ಲಿ ಔಡಲ ಎಣ್ಣೆ ಅಂದರೂ ವಾಸನೆ ಒಂದೇ. ಹುಲ್ಲು ಸುಟ್ಟ ಕರಿಯನ್ನು ಈ ಎಣ್ಣೆಯಲ್ಲಿ ಕಲಸಿ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಗಾಡಿ ನರಳದೆ ಉರುಳಬೇಕಾದರೆ ಅದು ಬೇಕಿತ್ತು.

ಅದೇ ಎಣ್ಣೆ ಮೊದಲನೇ ಮಹಾಯುದ್ಧದ ಆಕಾಶಕ್ಕೂ ಏರಿತ್ತು. ಆ ಕಾಲದ ಅನೇಕ ಯುದ್ಧವಿಮಾನಗಳಲ್ಲಿದ್ದದ್ದು ರೋಟರಿ ಎಂಜಿನ್. ಮುಂದಿನ ಪ್ರೊಪೆಲ್ಲರ್ ಜೊತೆಗೆ ಇಡೀ ಎಂಜಿನ್ನೇ, ಸಿಲಿಂಡರುಗಳ ಸಮೇತ, ಗಿರಗಿರನೆ ತಿರುಗುತ್ತಿತ್ತು. ಅದರೊಳಗೆ ಪೆಟ್ರೋಲಿನ ಆವಿ ಎಲ್ಲ ಕಡೆಯೂ ಸುಳಿದಾಡುತ್ತಿದ್ದುದರಿಂದ ಸಾಮಾನ್ಯ ಎಂಜಿನ್ ಆಯಿಲ್ ಅದರಲ್ಲಿ ಕರಗಿ ನೀರಾಗಿಬಿಡುತ್ತಿತ್ತು. ಹರಳೆಣ್ಣೆ ಹಾಗೆ ಸುಲಭವಾಗಿ ಕರಗುವುದಿಲ್ಲ. ಹೀಗಾಗಿ ನಮ್ಮ ಗಾಡಿಯ ಅಚ್ಚಿನ ಎಣ್ಣೆಯೇ ಅಲ್ಲಿಯೂ ಗತಿ. ಹಡಗುಗಟ್ಟಲೆ ಹರಳು ಭಾರತದಿಂದ ಹೋಗುತ್ತಿತ್ತು. ಒಮ್ಮೆ ಎಂಜಿನ್ನಿಗೆ ಹೋದ ಎಣ್ಣೆ ಮತ್ತೆ ತೊಟ್ಟಿಗೆ ಬರುತ್ತಿರಲಿಲ್ಲ, ಹೊಗೆಯ ಜೊತೆ ಹೊರಗೆ ಸಿಡಿಯುತ್ತಿತ್ತು. ಹಿಂದೆ ಕುಳಿತ ವೈಮಾನಿಕನ ಕನ್ನಡಕ, ಮುಖ, ಕೋಟು, ಕೈಗವಸು ಎಲ್ಲವೂ ಅದರಲ್ಲಿ ನೆನೆಯುತ್ತಿದ್ದವು. ಗಂಟೆಗಟ್ಟಲೆ ಅದನ್ನೇ ಉಸಿರಾಡಿ ಕೆಳಗಿಳಿದವರ ಹೊಟ್ಟೆಯ ಪಾಡನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

1917ರಲ್ಲಿ ಬೆಲ್ಜಿಯಂ ಕಡೆಯ ಫ್ಲಾಂಡರ್ಸಿನ ಆಕಾಶದಲ್ಲಿ ಹಾಗೆ ಹರಳೆಣ್ಣೆ ಉಸಿರಾಡಿದವರಲ್ಲಿ ಪಂಜಾಬಿನ ಒಬ್ಬ ತರುಣನಿದ್ದ. ತಲೆಯ ಮೇಲೆ ಪೇಟ, ಪೇಟದ ಮೇಲೆ ಅದಕ್ಕೆಂದೇ ಹೊಲಿಸಿದ ದೊಡ್ಡ ಚರ್ಮದ ಹೆಲ್ಮೆಟ್ಟು. ಜೊತೆಯ ಇಂಗ್ಲಿಷ್ ಹುಡುಗರು ‘ಹಾರುವ ಹಾಬ್‌ಗಾಬ್ಲಿನ್’ ಎಂದು ಅಡ್ಡಹೆಸರಿಟ್ಟಿದ್ದರು. ಹಾಬ್‌ಗಾಬ್ಲಿನ್ ಎಂದರೆ ಅವರ ಅಜ್ಜಿಕಥೆಗಳ ಗುಜ್ಜಾರಿ ಭೂತ. ಆ ತರುಣನ ಹೆಸರು ಹರ್ದಿತ್ ಸಿಂಗ್ ಮಲಿಕ್. ಮುಪ್ಪಿನಲ್ಲಿ ಅವರು ಬರೆದಿಟ್ಟ ಆತ್ಮಕಥೆ ‘ಎ ಲಿಟ್ಲ್ ವರ್ಕ್, ಎ ಲಿಟ್ಲ್ ಪ್ಲೇ’ ಅಚ್ಚಾದದ್ದು 2010ರಲ್ಲಿ, ಅವರು ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲೆ.

ಮಲಿಕ್ ಹುಟ್ಟಿದ್ದು 1894ರ ನವೆಂಬರ್ 23ರಂದು, ರಾವಲ್ಪಿಂಡಿಯ ಅನುಕೂಲಸ್ಥ ಸಿಖ್ ಮನೆತನದಲ್ಲಿ. ಹದಿನಾಲ್ಕರ ವಯಸ್ಸಿಗೆ ಓದಲೆಂದು ಒಬ್ಬರೇ ಇಂಗ್ಲೆಂಡಿಗೆ ಹಡಗು ಹತ್ತಿದರು. ಈಸ್ಟ್‌ಬೋರ್ನ್ ಕಾಲೇಜಿನ ಶಾಲಾ ದಿನಗಳು ಮುಗಿದ ಮೇಲೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು ಸೇರಿ ಇತಿಹಾಸ ಹಿಡಿದರು. ಗಾಲ್ಫ್‌ನಲ್ಲಿ ವಿಶ್ವವಿದ್ಯಾಲಯದ ತಂಡದಲ್ಲಿದ್ದರು. 1914ರ ಬೇಸಿಗೆಯಲ್ಲಿ ಸಸೆಕ್ಸ್ ಕೌಂಟಿಯ ಪರ ಕ್ರಿಕೆಟ್ ಆಡಿದರು. ಪೇಟ ತೊಟ್ಟ ಹುಡುಗ ಇಂಗ್ಲೆಂಡಿನ ಹಸಿರು ಮೈದಾನಗಳಲ್ಲಿ ಎಲ್ಲರಿಗೂ ಬೇಕಾದವನಾಗಿದ್ದ ಕಾಲ ಅದು.

ಅದೇ ಬೇಸಿಗೆ ಮುಗಿಯುವಷ್ಟರಲ್ಲಿ ಯುದ್ಧ ಹತ್ತಿಕೊಂಡಿತು. ಜೊತೆಗೆ ಆಡಿದವರು, ಒಂದೇ ಮೇಜಿನಲ್ಲಿ ಉಂಡವರು ಒಬ್ಬೊಬ್ಬರಾಗಿ ಸೈನ್ಯ ಸೇರಿ ಹೋದರು. ತಾನೂ ಹೋಗಬೇಕೆಂದು ಮಲಿಕ್ ಅರ್ಜಿ ಹಾಕಿದಾಗ ಬಾಗಿಲು ಮುಚ್ಚಿತ್ತು. ಆಸ್ಪತ್ರೆಯಲ್ಲಿ ಆಳಿನ ಕೆಲಸ ಬೇಕಾದರೆ ಇದೆ, ಅಧಿಕಾರಿಯಾಗಿ ಯುದ್ಧಕ್ಕೆ ಹೋಗುವಂತಿಲ್ಲ ಎಂಬ ಉತ್ತರ ಬಂತು. ಇದು ಯಾರೋ ಒಬ್ಬ ಗುಮಾಸ್ತನ ಕೊಂಕಲ್ಲ, ಸಾಮ್ರಾಜ್ಯದ ನಿಯಮವೇ ಹಾಗಿತ್ತು. ಆ ಯುದ್ಧದಲ್ಲಿ ಭಾರತದಿಂದ ಹದಿಮೂರು ಲಕ್ಷಕ್ಕೂ ಹೆಚ್ಚು ಮಂದಿ ದುಡಿದರು, ಸುಮಾರು 74 ಸಾವಿರ ಮಂದಿ ಸತ್ತರು. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣ ಹಿಡಿದದ್ದು ಇದೇ ಯುದ್ಧದಲ್ಲಿ. ಆದರೆ ಯುದ್ಧ ಶುರುವಾದಾಗ ಬ್ರಿಟಿಷ್ ಪಡೆಗಳಲ್ಲಿ ಇಂಗ್ಲಿಷರ ಸರಿಸಮನಾಗಿ ಆಜ್ಞೆ ಕೊಡುವ ‘ಕಿಂಗ್ಸ್ ಕಮಿಷನ್’ ಕಾದಾಡುವ ಭಾರತೀಯನಿಗೆ ಇರಲಿಲ್ಲ. ಬಿಳಿಯ ಸಿಪಾಯಿ ಕಂದು ಬಣ್ಣದ ಅಧಿಕಾರಿಗೆ ಸೆಲ್ಯೂಟ್ ಹೊಡೆಯಬೇಕಾದೀತು ಎಂಬ ಅಂಜಿಕೆ ಅದರ ಹಿಂದಿತ್ತು.

ಮಲಿಕ್ ಕೈಚೆಲ್ಲಲಿಲ್ಲ. ಬೇಲಿಯಲ್‌ನಲ್ಲಿ ಅವರ ಮೇಷ್ಟರಾಗಿದ್ದವರು ಎಫ್. ಎಫ್. ಅರ್ಕ್‌ಹಾರ್ಟ್. ಶಿಷ್ಯರೆಲ್ಲ ‘ಸ್ಲಿಗರ್’ ಎಂದು ಕರೆಯುತ್ತಿದ್ದ ಆ ಮನುಷ್ಯನ ನೆರವಿನಿಂದ 1916ರಲ್ಲಿ ಫ್ರೆಂಚ್ ರೆಡ್ ಕ್ರಾಸ್ ಸೇರಿ, ಫ್ರಾನ್ಸಿನ ಕೋನ್ಯಾಕ್ ಊರಿನಲ್ಲಿ ಗಾಯಾಳುಗಳನ್ನು ಹೊತ್ತ ಆಂಬುಲೆನ್ಸ್ ಓಡಿಸಿದರು. ಅಲ್ಲಿಂದ ಅವರ ಕಣ್ಣು ಮೇಲಕ್ಕೆ ಹೋಯಿತು. ಫ್ರೆಂಚ್ ವಾಯುಪಡೆಯನ್ನು ಕೇಳಿದರು, ಅವರು ಬಣ್ಣ ನೋಡಲಿಲ್ಲ, ಬಾ ಎಂದರು.

ಈ ಸುದ್ದಿ ಕೇಳಿದ ಸ್ಲಿಗರ್ ಸುಮ್ಮನಿರಲಿಲ್ಲ. ಬ್ರಿಟಿಷ್ ಸೇನಾ ವಿಮಾನಯಾನದ ಮುಖ್ಯಸ್ಥ ಜನರಲ್ ಸರ್ ಡೇವಿಡ್ ಹೆಂಡರ್ಸನ್ ಅವರಿಗೆ ನೇರ ಪತ್ರ ಬರೆದರು. ನಮ್ಮಲ್ಲಿ ಓದಿ ಬೆಳೆದ ಬ್ರಿಟಿಷ್ ಪ್ರಜೆಯೊಬ್ಬನನ್ನು ನಾವು ಬೇಡವೆಂದು ಫ್ರೆಂಚರು ಬೇಕೆಂದರೆ ಅದು ನಮಗೆ ನಾಚಿಕೆಗೇಡು ಎಂಬುದು ಪತ್ರದ ಸಾರ. ಹೆಂಡರ್ಸನ್ ಹುಡುಗನನ್ನು ಕರೆಸಿ ಮಾತಾಡಿಸಿದರು, ಸೇರಿಸಿಕೊಂಡರು. ಮರು ವರ್ಷವೇ ವಿಮಾನ ಅಪಘಾತದಲ್ಲಿ ಸ್ವಂತ ಮಗನನ್ನು ಕಳೆದುಕೊಳ್ಳಲಿದ್ದ ತಂದೆ ಈ ಹೆಂಡರ್ಸನ್. ಒಬ್ಬ ಮೇಷ್ಟರ ಕಾಗದ, ಒಬ್ಬ ಜನರಲ್‌ನ ದೊಡ್ಡ ಮನಸ್ಸು, ಜೊತೆಗೆ ಫ್ರೆಂಚರ ಎದುರು ಮಾನ ಹೋದೀತೆಂಬ ಅಳುಕು ಇವು ಕೂಡಿ ಬಾಗಿಲು ಒಬ್ಬನ ಮಟ್ಟಿಗೆ ತೆರೆಯಿತು.

ಇವುಗಳ ಜೊತೆ ಇನ್ನೊಂದು ಕಾರಣವನ್ನೂ ಸೇರಿಸಬೇಕೆಂದು ನನಗನ್ನಿಸುತ್ತದೆ. ಮಲಿಕ್ ರಾಯಲ್ ಫ್ಲೈಯಿಂಗ್ ಕೋರ್‌ಗೆ, ಅಂದರೆ ಬ್ರಿಟಿಷ್ ಸೇನೆಯ ವಿಮಾನ ಪಡೆಗೆ, ಕೆಡೆಟ್ ಆಗಿ ಸೇರಿದ್ದು 1917ರ ಏಪ್ರಿಲ್ 5ರಂದು. ಆ ತಿಂಗಳಿಗೆ ವೈಮಾನಿಕ ಇತಿಹಾಸದಲ್ಲಿ ‘ರಕ್ತಸಿಕ್ತ ಏಪ್ರಿಲ್’ ಎಂದೇ ಹೆಸರು. ಅರಾಸ್ ಕದನದ ಮೇಲಿನ ಆಕಾಶದಲ್ಲಿ ಒಂದೇ ತಿಂಗಳಲ್ಲಿ ಬ್ರಿಟಿಷರು 245 ವಿಮಾನ ಕಳೆದುಕೊಂಡರು, 211 ಮಂದಿ ಸತ್ತರು ಇಲ್ಲವೆ ಕಾಣೆಯಾದರು, 108 ಮಂದಿ ಸೆರೆ ಸಿಕ್ಕರು. ಕಲಿತವರು ಮುಗಿಯುತ್ತಿದ್ದಂತೆ ಕಲಿಯುವವರನ್ನು ಎಲ್ಲಿಂದಾದರೂ ತರಲೇಬೇಕಿತ್ತು. ಹೆಂಡರ್ಸನ್ ಒಪ್ಪಿಗೆ ಕೊಟ್ಟದ್ದು ಈ ನಷ್ಟಕ್ಕೆ ಮುಂಚೆಯೇ ಇರಬಹುದು. ಆದರೂ ಆ ವರ್ಷ ಮಲಿಕ್ ಒಬ್ಬರೇ ಅಲ್ಲ, ನಾಲ್ವರು ಭಾರತೀಯ ಹುಡುಗರು ಆ ಬಾಗಿಲಿನೊಳಗೆ ಹೋದದ್ದನ್ನು ನೋಡಿದರೆ, ಸಾಮ್ರಾಜ್ಯದ ಔದಾರ್ಯಕ್ಕಿಂತ ಅದರ ಗರಜು ದೊಡ್ಡದಿತ್ತು ಎಂದೇ ಹೇಳಬೇಕು.

ಆಲ್ಡರ್‌ಶಾಟ್‌ನಲ್ಲಿ ಕವಾಯತು ಶುರುವಾಯಿತು. ಸಮವಸ್ತ್ರದ ನಿಯಮದಲ್ಲಿ ಟೋಪಿಗೆ ಜಾಗವಿತ್ತು, ಪೇಟಕ್ಕಿರಲಿಲ್ಲ. ಮಲಿಕ್ ಪೇಟ ತೆಗೆಯಲಿಲ್ಲ. ಅಷ್ಟೆತ್ತರದಲ್ಲಿ ತೆರೆದ ಕಾಕ್‌ಪಿಟ್‌ನಲ್ಲಿ ಚಳಿ ತಡೆಯಲು ಹೆಲ್ಮೆಟ್ಟು ಬೇಕೇ ಬೇಕು ಎಂದಾಗ ಪೇಟದ ಮೇಲೆಯೇ ಕೂರುವಂಥದ್ದನ್ನು ಹೇಳಿ ಮಾಡಿಸಿಕೊಂಡರು. ಅಡ್ಡಹೆಸರು ಬಂದದ್ದು ಅದರಿಂದಲೇ.

ಆಲ್ಡರ್‌ಶಾಟ್ ಆದ ಮೇಲೆ ರೆಡಿಂಗ್ ಊರಿನ ವಿಮಾನ ಶಾಲೆ. ಅಲ್ಲಿ ಪುಸ್ತಕದ ಪಾಠ: ಎಂಜಿನ್ ಬಿಚ್ಚಿ ಜೋಡಿಸುವುದು, ನಕ್ಷೆ ಓದುವುದು, ಮೋರ್ಸ್ ಸಂಕೇತ, ಮೆಷಿನ್ ಗನ್ ಕಚ್ಚಿಕೊಂಡರೆ ಬಿಡಿಸುವುದು. ನಿಜವಾದ ಹಾರಾಟ ಬ್ರಿಸ್ಟಲ್ ಹತ್ತಿರದ ಫಿಲ್ಟನ್‌ನಲ್ಲಿ. ಮೊದಲು ಕೈಗೆ ಸಿಕ್ಕದ್ದು ಫ್ರಾನ್ಸಿನ ಕೋಡ್ರಾನ್ ವಿಮಾನ. ಕಡ್ಡಿ, ಬಟ್ಟೆ, ತಂತಿ ಬಿಗಿದು ಮಾಡಿದ ಪಂಜರದಂಥ ಯಂತ್ರ. ಎರಡೂವರೆ ಗಂಟೆ ಮೇಷ್ಟರ ಜೊತೆ ಹಾರಿದ ಮೇಲೆ, ಇನ್ನು ನೀನೊಬ್ಬನೇ ಹೋಗು ಎಂದರು. ಎರಡೂವರೆ ಗಂಟೆ! ಬೆಂಗಳೂರಿನಲ್ಲಿ ಕಾರು ಕಲಿಯುವವರಿಗೂ ಅದಕ್ಕಿಂತ ಹೆಚ್ಚು ಹೊತ್ತು ಪಕ್ಕದಲ್ಲೊಬ್ಬರು ಕೂರುತ್ತಾರೆ. ಮಲಿಕ್ ಏರಿದರು, ಸುತ್ತಿದರು, ಇಳಿದರು. ಆಮೇಲೆ ಆವ್ರೊ, ಬಿ.ಇ., ಸಾಪ್‌ವಿತ್ ಪಪ್ ಎಂದು ಒಂದೊಂದೇ ವಿಮಾನ ದಾಟುತ್ತ ಕೆಲವೇ ವಾರಗಳಲ್ಲಿ ಎದೆಯ ಮೇಲೆ ವೈಮಾನಿಕನ ರೆಕ್ಕೆಯ ಬಿಲ್ಲೆ ಹೊತ್ತರು.

ಆಗ ಹೇಳಿಕೊಡುವ ಕ್ರಮವೇ ಸರಿಯಾಗಿ ಕುದುರಿರಲಿಲ್ಲ. ಯುದ್ಧರಂಗದಿಂದ ದಣಿದು ಬಂದವರು, ಗಾಯಗೊಂಡು ಉಳಿದವರು ಮೇಷ್ಟರಾಗಿದ್ದರು. ಎಂಜಿನ್ನಿನ ಅಬ್ಬರದಲ್ಲಿ ಅವರು ಕೂಗಿದ್ದು ಶಿಷ್ಯನಿಗೆ ಕೇಳುತ್ತಿರಲಿಲ್ಲ. ಹೆಗಲು ತಟ್ಟುವುದು, ಕೈಸನ್ನೆ ಮಾಡುವುದು ಇಷ್ಟೇ ಪಾಠ. ವಿಮಾನ ಸುಳಿಗೆ ಸಿಕ್ಕಂತೆ ಗಿರಕಿ ಹೊಡೆಯುತ್ತ ಬೀಳತೊಡಗಿದರೆ ಬಿಡಿಸಿಕೊಳ್ಳುವ ಬಗೆಯನ್ನು ಬಹಳ ಮಂದಿಗೆ ಯಾರೂ ಹೇಳಿರಲಿಲ್ಲ. ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಇದನ್ನು ಬದಲಿಸಿದ್ದು ಅದೇ 1917ರಲ್ಲಿ. ಅಪಾಯದಿಂದ ಶಿಷ್ಯನನ್ನು ದೂರವಿಡಬೇಡಿ, ಬೇಕೆಂದೇ ಅದರೊಳಗೆ ಕರೆದೊಯ್ದು ಹೊರಬರುವುದನ್ನು ಕಲಿಸಿ ಎಂಬುದು ಅವರ ಪದ್ಧತಿ. ಮೇಷ್ಟರ ಬಾಯಿಂದ ಶಿಷ್ಯನ ಕಿವಿಗೆ ಒಂದು ರಬ್ಬರ್ ಕೊಳವೆ ಹಾಕಿಸಿದರು. ಅಷ್ಟು ಸಣ್ಣ ಕೊಳವೆ ಎಷ್ಟು ಜೀವ ಉಳಿಸಿತೋ. ಇಂದಿಗೂ ಜಗತ್ತಿನ ವಿಮಾನ ಶಾಲೆಗಳು ಕಲಿಸುವ ರೀತಿಯ ಬೇರು ಅಲ್ಲಿದೆ.

ತರಬೇತಿಯಲ್ಲಿ ಸತ್ತವರು ಎಷ್ಟು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ. ಬ್ರಿಟಿಷ್ ವೈಮಾನಿಕರಲ್ಲಿ ಎಂಟು ಸಾವಿರ ಮಂದಿ ಶತ್ರುವಿನ ಮುಖ ನೋಡುವ ಮೊದಲೇ ತರಬೇತಿಯಲ್ಲಿ ಸತ್ತರೆಂಬ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಬಹುಕಾಲ ಇಳಿದು ಬಂತು. ದಾಖಲೆಗಳನ್ನು ಒಂದೊಂದಾಗಿ ಎಣಿಸಿದ ಈಚಿನವರು ಅದು ಬಹಳ ಉಬ್ಬಿದ ಸಂಖ್ಯೆ ಎನ್ನುತ್ತಾರೆ. ಎರಡನೆಯ ಮಾತೇ ಸರಿಯಾದರೂ ತರಬೇತಿ ಮೈದಾನದ ಪಕ್ಕದ ಸ್ಮಶಾನಗಳು ಸುಳ್ಳಾಗುವುದಿಲ್ಲ.

ಮಲಿಕರಿಗೆ ಕೊನೆಗೆ ಸಿಕ್ಕದ್ದು ಸಾಪ್‌ವಿತ್ ಕ್ಯಾಮೆಲ್, ಆ ವರ್ಷವಷ್ಟೇ ಯುದ್ಧಕ್ಕಿಳಿದಿದ್ದ ಹೊಸ ವಿಮಾನ. ಎಂಜಿನ್, ಎರಡು ಮೆಷಿನ್ ಗನ್, ವೈಮಾನಿಕ, ಅವನ ಬೆನ್ನಿಗೇ ಪೆಟ್ರೋಲ್ ಟ್ಯಾಂಕು, ಇಷ್ಟೂ ಮುಂಭಾಗದಲ್ಲಿ ಒತ್ತೊತ್ತಾಗಿ ತುರುಕಿದ್ದವು. ತಿರುಗುವ ಎಂಜಿನ್ನಿನ ಸೆಳೆತದಿಂದ ಅದು ಬಲಕ್ಕೆ ಚಾಟಿಯಂತೆ ಹೊರಳುತ್ತಿತ್ತು. ಪಳಗಿದವನಿಗೆ ಅದಕ್ಕಿಂತ ಒಳ್ಳೆಯ ಆಯುಧವಿಲ್ಲ, ಹೊಸಬನಿಗೆ ಅದಕ್ಕಿಂತ ಕೆಟ್ಟ ಕುದುರೆಯಿಲ್ಲ. ಕ್ಯಾಮೆಲ್ ಹಾರಿಸಿ ಕಾಳಗದಲ್ಲಿ ಸತ್ತವರು 413 ಮಂದಿ, ಕಾಳಗವಿಲ್ಲದೆ ಸತ್ತವರು 385 ಮಂದಿ ಎಂಬ ಲೆಕ್ಕವನ್ನು ಓದಿದಾಗ ಆ ವಿಮಾನದ ಸ್ವಭಾವ ತಿಳಿಯುತ್ತದೆ. ಬ್ರಿಟಿಷ್ ವಿಮಾನದ ವೈಮಾನಿಕರಿಗೆ ಪ್ಯಾರಾಚೂಟ್ ಕೊಡುತ್ತಿರಲಿಲ್ಲ. ಬೆನ್ನ ಹಿಂದಿನ ಟ್ಯಾಂಕಿಗೆ ಕಿಡಿ ತಾಗಿದರೆ ಉಳಿಯುವ ದಾರಿ ಇರಲಿಲ್ಲ.

28ನೇ ಸ್ಕ್ವಾಡ್ರನ್ ಜೊತೆ ಮಲಿಕ್ 1917ರ ಅಕ್ಟೋಬರ್ ಮೊದಲ ಭಾಗದಲ್ಲಿ ಯುದ್ಧರಂಗಕ್ಕೆ ಬಂದರು. ಬೆಲ್ಜಿಯಂ ಗಡಿಗೆ ತಾಗಿದ ಡ್ರೊಗ್ಲಾಂಟ್ ಎಂಬ ಹಳ್ಳಿಯ ಹೊಲಗಳೇ ವಿಮಾನ ನಿಲ್ದಾಣ. ಅವರ ತುಕಡಿಯ ನಾಯಕ ಕೆನಡಾದ ವಿಲಿಯಂ ಬಾರ್ಕರ್. ಹಳ್ಳಿಯಲ್ಲಿ ಬೆಳೆದು ಬಂದೂಕಿನ ಗುರಿ ಕಲಿತ ಈ ಗಟ್ಟಿಗ ಯುದ್ಧ ಮುಗಿಯುವ ಹೊತ್ತಿಗೆ 50 ವಿಮಾನ ಉರುಳಿಸಿ ವಿಕ್ಟೋರಿಯಾ ಕ್ರಾಸ್ ಗಳಿಸಲಿದ್ದ. ಬಾರ್ಕರ್‌ಗೆ ಪೇಟದ ಹುಡುಗ ಹಿಡಿಸಿದ, ಮಲಿಕರಿಗೆ ಬಾರ್ಕರ್ ಹಿಡಿಸಿದ. ಸೈನ್ಯಕ್ಕೆ ಅರ್ಜಿ ಹಾಕಿದಾಗ ಸಿಗದ ಒಂದು ಸಮಾನತೆ ಆ ಕೆಸರಿನ ಹೊಲದಲ್ಲಿ ಸಿಕ್ಕಿತು. ಆಕಾಶಕ್ಕೆ ಹೋದಾಗ ರೆಕ್ಕೆಯ ಪಕ್ಕ ಯಾರು ಹಾರುತ್ತಾರೆ ಎಂಬುದಷ್ಟೇ ಅಲ್ಲಿ ಮುಖ್ಯವಾಗಿತ್ತು.

ಅಕ್ಟೋಬರ್ 26. ಕೆಳಗೆ ಪ್ಯಾಶನ್‌ಡೇಲ್ ದಿಬ್ಬದ ಮೇಲೆ ಕೆನಡಾದ ಪಡೆಗಳು ದಾಳಿ ಶುರುಮಾಡಿದ ದಿನ. ಮಳೆ ಬಿಟ್ಟಿರಲಿಲ್ಲ. ಮೊಣಕಾಲು ಮುಳುಗುವ ಕೆಸರಿನಲ್ಲಿ ಗಾಯಗೊಂಡವರು ಕಂದಕಗಳ ನೀರಿನಲ್ಲಿ ಮುಳುಗಿ ಸಾಯುತ್ತಿದ್ದ ರಣರಂಗ ಅದು. ಮೋಡ ನೆಲಕ್ಕೆ ಬಂದು ಕೂತಿತ್ತು, ವಿಮಾನ ಏರಿಸುವ ಹವೆಯೇ ಅಲ್ಲ. ಆದರೆ ತನ್ನ ನಾಡಿನವರು ಕೆಳಗೆ ಸಾಯುತ್ತಿರುವಾಗ ಬಾರ್ಕರ್ ಕೂರುವವನಲ್ಲ. ಶತ್ರುವಿನ ವಿಮಾನ ನಿಲ್ದಾಣದ ಮೇಲೆಯೇ ಎರಗೋಣವೆಂದು ಮಲಿಕ್ ಸೇರಿದಂತೆ ಬೆರಳೆಣಿಕೆಯ ಜನರನ್ನು ಕರೆದುಕೊಂಡು ಮೋಡದೊಳಗೆ ನುಗ್ಗಿದ.

ಮೋಡದಲ್ಲಿ ಚದುರಿದರು. ಜರ್ಮನ್ ವಿಮಾನಗಳು ಮುತ್ತಿಕೊಂಡವು. ಮಲಿಕರ ಹಿಂದೆ ಬಿದ್ದವನ ಗುಂಡು ಪೆಟ್ರೋಲ್ ಟ್ಯಾಂಕನ್ನು ತೂರಿ ಅವರ ಬಲಗಾಲಿಗೆ ಹೊಕ್ಕಿತು. ಟ್ಯಾಂಕು ಹೊತ್ತಿಕೊಳ್ಳಲಿಲ್ಲ. ಟ್ಯಾಂಕು ತೂರಿ ಬರುವಾಗ ಗುಂಡಿನ ಬಿರುಸು ತಗ್ಗಿದ್ದರಿಂದ ಕಾಲು ಉಳಿಯಿತು. ನೋವಿನ ನಡುವೆಯೇ ಮಲಿಕ್ ತಿರುಗಿ ತನ್ನ ಮೇಲೆರಗಿದವನನ್ನು ಹೊಡೆದುರುಳಿಸಿದರು. ಅಷ್ಟಕ್ಕೆ ಮುಗಿಯಲಿಲ್ಲ. ಇನ್ನೂ ಕೆಲವರು ಬೆನ್ನು ಹತ್ತಿದರು. ಎತ್ತರವಿಲ್ಲ, ಕಾಲಿನಲ್ಲಿ ಬಲವಿಲ್ಲ, ಸೋರುತ್ತಿರುವ ಟ್ಯಾಂಕಿನ ಪೆಟ್ರೋಲು ಎಷ್ಟು ಹೊತ್ತಿಗೋ ಗೊತ್ತಿಲ್ಲ. ನೆಲಕ್ಕೆ ತಾಗುವಷ್ಟು ಕೆಳಗೆ, ಎಡಕ್ಕೂ ಬಲಕ್ಕೂ ಹೊರಳುತ್ತ, ತಮ್ಮವರ ಗಡಿಯತ್ತ ಓಡಿಸಿದರು. ಹಿಂದಿನಿಂದ ಗುಂಡುಗಳ ಮಳೆ. ಗಡಿ ದಾಟಿದ ಮೇಲೆ ರಕ್ತ ಹೋಗಿ ಪ್ರಜ್ಞೆ ತಪ್ಪುತ್ತಿರುವಾಗ ವಿಮಾನ ನೆಲಕ್ಕಪ್ಪಳಿಸಿತು.

ಆ ಕ್ಯಾಮೆಲ್‌ನ ಮೈಯಲ್ಲಿ ನಾನ್ನೂರಕ್ಕೂ ಹೆಚ್ಚು ಗುಂಡಿನ ತೂತುಗಳಿದ್ದವು ಎಂದು ಎಣಿಸಿದವರು ಹೇಳುತ್ತಾರೆ. ಬಾರ್ಕರ್ ಮರಳಿ ಬಂದವನು ಮಲಿಕ್ ಸತ್ತನೆಂದೇ ತಿಳಿದಿದ್ದ. ಅಷ್ಟು ಗುಂಡುಗಳಲ್ಲಿ ಮೊದಲಿನದನ್ನು ಬಿಟ್ಟರೆ ಬೇರೊಂದೂ ತನ್ನನ್ನು ಮುಟ್ಟಲಿಲ್ಲವಲ್ಲ, ಕಾಲ ಕೂಡಿ ಬರುವವರೆಗೆ ಮನುಷ್ಯ ಸಾಯುವುದಿಲ್ಲ ಎಂಬ ನಂಬಿಕೆ ಅಂದಿನಿಂದ ಮಲಿಕರಲ್ಲಿ ಬೇರೂರಿತು. ಆಯುಷ್ಯ ಗಟ್ಟಿಯಿತ್ತು ಎಂದು ನಮ್ಮ ಹಿರಿಯರು ಹೇಳುವುದೂ ಅದನ್ನೇ.

ಮಲಿಕರ ಲೆಕ್ಕಕ್ಕೆ ಎಷ್ಟು ಗೆಲುವು ಸೇರಬೇಕು ಎಂಬುದರಲ್ಲೂ ಒಮ್ಮತವಿಲ್ಲ. ಎರಡು ಎನ್ನುತ್ತದೆ ಒಂದು ಎಣಿಕೆ, ಹೆಚ್ಚು ಎನ್ನುವವರೂ ಇದ್ದಾರೆ. ಮೋಡದಲ್ಲಿ, ಸಾಕ್ಷಿಯಿಲ್ಲದ ಜಾಗದಲ್ಲಿ ಬಿದ್ದದ್ದನ್ನು ಎಣಿಸುವುದು ಸುಲಭವಲ್ಲ. ಅವರನ್ನು ಭಾರತದ ಮೊದಲ ಯುದ್ಧ ವೈಮಾನಿಕ ಎಂದು ಕರೆಯುವುದೂ ಪೂರ್ತಿ ಸರಿಯಲ್ಲ. ಕಲ್ಕತ್ತೆಯ ಎರಲ್ ಸುವೊ ಚಂದರ್ ಸೇನ್ 70ನೇ ಸ್ಕ್ವಾಡ್ರನ್ನಿನ ಕ್ಯಾಮೆಲ್ ಹಾರಿಸುತ್ತ ಜರ್ಮನರ ಸೆರೆಗೆ ಸಿಕ್ಕದ್ದು 1917ರ ಸೆಪ್ಟೆಂಬರ್ 14ರಂದು. ಮಲಿಕ್ ಆಗಿನ್ನೂ ಇಂಗ್ಲೆಂಡಿನಲ್ಲೇ ಇದ್ದರು. ಸೇನ್ ಯುದ್ಧದ ಉಳಿದ ಕಾಲವನ್ನು ಹೋಲ್ಟ್ಸ್‌ಮಿಂಡನ್ ಸೆರೆ ಶಿಬಿರದಂಥ ಕಡೆ ಕಳೆದರು.

ಆ ನಾಲ್ವರಲ್ಲಿ ಉಳಿದಿಬ್ಬರು ಮನೆಗೆ ಮರಳಲಿಲ್ಲ. ಬೊಂಬಾಯಿಯ ಶ್ರೀಕೃಷ್ಣ ವೇಲಿಂಕರ್ 1918ರ ಜೂನ್ ಕೊನೆಯಲ್ಲಿ ಹೊಡೆತಕ್ಕೆ ಸಿಕ್ಕು ಜರ್ಮನರ ಕಡೆಯೇ ಪ್ರಾಣ ಬಿಟ್ಟರು. ಹೂಳಿದವರು ಹೆಸರನ್ನು ತಪ್ಪಾಗಿ ಬರೆದುಕೊಂಡಿದ್ದರಿಂದ ಆ ಸಮಾಧಿ ಯಾರದೆಂದು ತಿಳಿಯಲು ಯುದ್ಧ ಮುಗಿಯಬೇಕಾಯಿತು. ಕಲ್ಕತ್ತೆಯ ಇಂದ್ರಲಾಲ್ ರಾಯ್ ಮೊದಲೊಮ್ಮೆ ವಿಮಾನ ಅಪ್ಪಳಿಸಿ, ಹಾರಲು ಯೋಗ್ಯನಲ್ಲ ಎನ್ನಿಸಿಕೊಂಡು, ಮತ್ತೆ ಹಟ ಹಿಡಿದು ಬಂದವರು. 1918ರ ಜುಲೈನಲ್ಲಿ ಹದಿಮೂರೇ ದಿನದಲ್ಲಿ ಹತ್ತು ಗೆಲುವು ಪಡೆದರು. 22ರಂದು ಉರಿಯುತ್ತ ಬಿದ್ದರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪ್ರಕಟವಾದದ್ದು ಸೆಪ್ಟೆಂಬರಿನಲ್ಲಿ, ತೆಗೆದುಕೊಳ್ಳಲು ಅವರಿರಲಿಲ್ಲ.

ಮಲಿಕ್ ಆಸ್ಪತ್ರೆಯಿಂದ ಎದ್ದರು. ಅಷ್ಟರಲ್ಲಿ ಇಟಲಿಯ ಸೈನ್ಯ ಕಪೊರೆಟ್ಟೊದಲ್ಲಿ ಸೋತು ಕುಸಿದಿತ್ತು, 28ನೇ ಸ್ಕ್ವಾಡ್ರನ್ ನೆರವಿಗೆಂದು ಅಲ್ಲಿಗೆ ಹೋಗಿತ್ತು. ಕುಂಟು ಕಾಲಿನಲ್ಲೇ ಅಲ್ಲಿ ಹೋಗಿ ಸೇರಿಕೊಂಡರು. ಆಗ ಬಂತು ಈ ಲೇಖನದ ಮೊದಲಿಗೆ ಹೇಳಿದ ಹರಳೆಣ್ಣೆಯ ಕಾಟ. ಹಾರಿ ಇಳಿದಾಗಲೆಲ್ಲ ಮೈ ಕೆಡತೊಡಗಿತು. ವೈದ್ಯರು ಪರೀಕ್ಷಿಸಿ ಕ್ಯಾಮೆಲ್‌ನ ಎಂಜಿನ್ನಿನಿಂದ ಸಿಡಿಯುವ ಹರಳೆಣ್ಣೆ ಈ ದೇಹಕ್ಕೆ ಒಗ್ಗುವುದಿಲ್ಲ ಎಂದರು. ನಾನ್ನೂರು ಗುಂಡುಗಳಿಗೆ ಜಗ್ಗದವರನ್ನು ಸ್ವಂತ ದೇಶದ ಹೊಲಗಳಲ್ಲಿ ಬೆಳೆಯುವ ಗಿಡದ ಎಣ್ಣೆ ಕ್ಯಾಮೆಲ್‌ನಿಂದ ಇಳಿಸಿತು.

ಮುಂದೆ ಅವರಿಗೆ ಬ್ರಿಸ್ಟಲ್ ಫೈಟರ್ ಕೊಟ್ಟರು. ಅದರ ಎಂಜಿನ್ ನೀರಿನಿಂದ ತಣಿಯುವಂಥದ್ದು, ತಿರುಗುವುದಿಲ್ಲ, ಹರಳೆಣ್ಣೆಯ ಹಂಗಿಲ್ಲ. ಲಂಡನ್ ಕಾಯುವ 141ನೇ ಸ್ಕ್ವಾಡ್ರನ್ ಜೊತೆ ಬಿಗಿನ್ ಹಿಲ್‌ನಲ್ಲಿದ್ದು, ಆಮೇಲೆ 11ನೇ ಸ್ಕ್ವಾಡ್ರನ್ ಸೇರಿ ಮತ್ತೆ ಫ್ರಾನ್ಸಿಗೆ ಹೋದರು. ರಾಯಲ್ ಏರ್ ಫೋರ್ಸ್ ಹುಟ್ಟಿದ್ದು, ಯುದ್ಧ ನಿಂತದ್ದು ಎಲ್ಲವನ್ನೂ ಸಮವಸ್ತ್ರದಲ್ಲೇ ಕಂಡರು.

ಯುದ್ಧ ನಿಂತದ್ದೇ ಬಾಗಿಲು ಮತ್ತೆ ಮುಚ್ಚಿಕೊಂಡಿತು. ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಭಾಗ ಇದು. ನಾಲ್ವರಲ್ಲಿ ಇಬ್ಬರು ಪ್ರಾಣ ಕೊಟ್ಟಿದ್ದರು, ಒಬ್ಬ ಸೆರೆಯಲ್ಲಿದ್ದು ಬಂದಿದ್ದ, ಒಬ್ಬ ಕಾಲಿಗೆ ಗುಂಡು ತಿಂದಿದ್ದ. ಭಾರತೀಯನಿಗೆ ಹಾರಲು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಅದಕ್ಕಿಂತ ಇನ್ನೇನು ಉತ್ತರ ಬೇಕಿತ್ತು? ಶಾಂತಿಕಾಲದ ವಾಯುಪಡೆಯಲ್ಲಿ ಮಾತ್ರ ಭಾರತೀಯರಿಗೆ ಜಾಗವಿರಲಿಲ್ಲ. 1919ರ ಏಪ್ರಿಲ್ 13ರಂದು ಮಲಿಕರ ಪಂಜಾಬಿನಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆಯಿತು. 1920ರಲ್ಲಿ 28ನೇ ಸ್ಕ್ವಾಡ್ರನ್ನನ್ನು ಅದೇ ಪಂಜಾಬಿನ ಅಂಬಾಲಾದಲ್ಲಿ ಹೊಸದಾಗಿ ಕಟ್ಟಿ ವಾಯವ್ಯ ಗಡಿಯ ಕೆಲಸಕ್ಕೆ ಹಚ್ಚಿದರು. ಮಲಿಕ್ ಯಾವ ಸ್ಕ್ವಾಡ್ರನ್ನಿಗಾಗಿ ರಕ್ತ ಸುರಿಸಿದ್ದರೋ ಅದು ಅವರ ಮನೆಯ ಅಂಗಳಕ್ಕೇ ಬಂದಿತ್ತು, ಅದರ ಕಾಕ್‌ಪಿಟ್ಟಿನಲ್ಲಿ ಅವರ ದೇಶದವನು ಕೂರುವಂತಿರಲಿಲ್ಲ. ಅವರು ಐ.ಸಿ.ಎಸ್. ಸೇರಿ ಜಿಲ್ಲೆಯ ಆಡಳಿತ ಹಿಡಿದರು.

ಬಾಗಿಲು ಮತ್ತೆ ಅಲುಗಾಡಿದ್ದು 1925ರಲ್ಲಿ ನೇಮಕವಾದ ಸ್ಕೀನ್ ಸಮಿತಿಯಿಂದ. ಮೋತಿಲಾಲ್ ನೆಹರೂ ಅದರಲ್ಲಿದ್ದು ಅರ್ಧಕ್ಕೆ ಹೊರಬಂದರು, ಜಿನ್ನಾ ಕೊನೆಯವರೆಗೆ ಇದ್ದರು. ಭಾರತೀಯರಿಗೆ ವಾಯುಪಡೆಯೂ ಸೇರಿದಂತೆ ಎಲ್ಲ ವಿಭಾಗಗಳಲ್ಲಿ ಅಧಿಕಾರಿಗಳಾಗುವ ಅವಕಾಶ ಬೇಕೆಂದು ಸಮಿತಿ ಹೇಳಿತು. 1930ರಲ್ಲಿ ಭಾರತದ ಮೊದಲ ತಂಡ ಕ್ರಾನ್‌ವೆಲ್ ವಾಯುಸೇನಾ ಕಾಲೇಜಿಗೆ ಹೋಯಿತು. 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಕಾಗದದ ಮೇಲೆ ಹುಟ್ಟಿತು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಹಳೆಯ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಒಂದನೇ ಸ್ಕ್ವಾಡ್ರನ್ ನಿಂತಿತು. ಮಲಿಕರ ಕ್ಯಾಮೆಲ್ ಕೆಸರಿಗೆ ಬಿದ್ದ ದಿನದಿಂದ ಎಣಿಸಿದರೆ ಹದಿನೈದು ವರ್ಷ ದಾಟಿತ್ತು. ಅದರ ಮೊದಲ ಐವರು ವೈಮಾನಿಕರಲ್ಲಿ ಒಬ್ಬರಾದ ಸುಬ್ರೊತೊ ಮುಖರ್ಜಿ 1954ರಲ್ಲಿ ಭಾರತೀಯ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು.

ಮಲಿಕ್ ಆಗ ಪ್ಯಾರಿಸ್‌ನಲ್ಲಿ ಸ್ವತಂತ್ರ ಭಾರತದ ರಾಯಭಾರಿ. ಪಟಿಯಾಲ ಸಂಸ್ಥಾನದ ಪ್ರಧಾನಿಯಾಗಿ, ಕೆನಡಾದಲ್ಲಿ ಹೈಕಮಿಷನರ್ ಆಗಿ ದುಡಿದು 1949ರಲ್ಲಿ ಪ್ಯಾರಿಸ್‌ಗೆ ಹೋಗಿದ್ದರು. ಪಾಂಡಿಚೇರಿ ಭಾರತದ ಕೈಗೆ ಬಂದದ್ದು ಅವರ ಕಾಲದಲ್ಲಿ. ಭಾರತ ಫ್ರಾನ್ಸಿನಿಂದ ಊರಗಾನ್ ಜೆಟ್ ವಿಮಾನ ಕೊಂಡು ‘ತೂಫಾನಿ’ ಎಂದು ಹೆಸರಿಟ್ಟದ್ದು ಕೂಡ ಆಗಲೇ, 1953ರಲ್ಲಿ. ಮೂವತ್ತೇಳು ವರ್ಷದ ಹಿಂದೆ ಇಂಗ್ಲೆಂಡ್ ಬೇಡವೆಂದಾಗ ಬಾ ಎಂದಿದ್ದ ದೇಶವೂ ಅದೇ.

ತೂಫಾನಿಯ ಬೆನ್ನಿಗೆ ಅದೇ ಫ್ರೆಂಚ್ ಕಾರ್ಖಾನೆಯ ಮಿಸ್ಟೇರ್ ಬಂತು. ಡ್ರಿಗ್ ರೋಡ್‌ನಲ್ಲಿ ಹುಟ್ಟಿದ ಅದೇ ಒಂದನೇ ಸ್ಕ್ವಾಡ್ರನ್ನಿನಲ್ಲಿ ಮಿಸ್ಟೇರ್ ಹಾರಿಸಿದವರಲ್ಲಿ ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯ ಒಬ್ಬರು. ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 7ರಂದು, ಅಲ್ಲಿನ ಸರ್ಗೋಧಾ ವಿಮಾನ ನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಕೆಡವಿದ ಮೇಲೆ ಅವರು ಮಡಿದರೆಂಬುದು ನಮಗೆ ತಿಳಿದದ್ದು ವರ್ಷಗಳ ಮೇಲೆ, ಅದೂ ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ. ಮಹಾವೀರ ಚಕ್ರ ಬಂದಾಗ 1988 ಆಗಿತ್ತು. ವೇಲಿಂಕರರ ಸಮಾಧಿಯ ತಪ್ಪು ಹೆಸರು, ದೇವಯ್ಯನವರ ಇಪ್ಪತ್ತಮೂರು ವರ್ಷದ ಮೌನ, ಇವೆರಡನ್ನೂ ನಾನು ಒಟ್ಟಿಗೇ ನೆನೆಯುತ್ತೇನೆ. ಸತ್ತವರು ತಮ್ಮ ಕಥೆ ಹೇಳಲಾರರು.

1917ರ ನಾಲ್ವರಲ್ಲಿ ಮುಪ್ಪಿನವರೆಗೂ ಬದುಕಿ, ಕುಳಿತು, ನೆನೆದು, ಇಡೀ ಬಾಳನ್ನು ಬರೆಯುವ ಭಾಗ್ಯ ಮಲಿಕರಿಗೆ ಸಿಕ್ಕಿತು. 1985ರ ಅಕ್ಟೋಬರ್ 31ರಂದು ತೊಂಬತ್ತರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಗಾಲ್ಫ್ ಬಿಡಲಿಲ್ಲ. ಅವರು ಬರೆದಿಡದಿದ್ದರೆ ಪೆಟ್ರೋಲ್ ಟ್ಯಾಂಕು ತೂರಿ ಬಂದ ಗುಂಡು, ಆಂಬುಲೆನ್ಸಿನ ಚಕ್ರ, ಸ್ಲಿಗರ್ ಮೇಷ್ಟರ ಕಾಗದ, ಹರಳೆಣ್ಣೆಯ ಕಾಟ ಇವೆಲ್ಲ ಸೇನಾ ಕಡತದ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದವು.

ಕೊಡಗಿನಲ್ಲಿ, ಬೆಂಗಳೂರಿನ ಜಾಲಹಳ್ಳಿ, ಯಲಹಂಕಗಳ ಬೀದಿಗಳಲ್ಲಿ, ಬೀದರಿನಲ್ಲಿ ಹಾರಿ ಬಂದವರು, ವಿಮಾನ ರಿಪೇರಿ ಮಾಡಿದವರು ಇನ್ನೂ ಇದ್ದಾರೆ. ಕೆಲವರಿಗೆ ಎಂಬತ್ತು ದಾಟಿದೆ. ಅವರ ಕಪಾಟಿನಲ್ಲಿ ಲಾಗ್‌ಬುಕ್ ಇರುತ್ತದೆ, ಹಾರಿದ ದಿನ, ಹೊತ್ತು, ವಿಮಾನದ ನಂಬರು ಎಲ್ಲವನ್ನೂ ಸ್ವಂತ ಕೈಬರಹದಲ್ಲಿ ಬರೆದಿಟ್ಟದ್ದು. ಅಂಥವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಈ ಭಾನುವಾರ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಲಾಗ್‌ಬುಕ್ಕಿನ ಮೊದಲ ಪುಟ ತೆಗೆಸಿ, ಮೊದಲ ಸಲ ಒಬ್ಬರೇ ಹಾರಿದ ದಿನ ಹೇಗಿತ್ತೆಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಿ.